ರಿಜಿಸ್ಟರ್‌ನ್ಯಾಗ ಇಲ್ಲದ ಹೆಸರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಈ ಪುಟದಾಗ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆಗಳ ಬಗ್ಗೆ ನಾಕ್ ಸಾಲು ಬರದಿದ್ದೆ. ಅದಕ್ಕ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಕಡೆಯಿಂದ ಪತ್ರ ಬಂದಾವು, ಒಂದೊಂದು ಮೂರ್ನಾಕ್ ಪುಟ ಐತಿ. ಹೆಸರು ಹಾಕಬ್ಯಾಡ್ರಿ ಅಂತ ಬಾಳ ಮಂದಿ ಕೇಳ್ಯಾರ, ಅದಕ್ಕ ಊರು, ಕೆಲಸ ಅಷ್ಟ ಹಾಕೇನಿ. ಪ್ರಶ್ನೆ ಉದ್ದ ಇದ್ದಲ್ಲಿ ಸ್ವಲ್ಪ ಕತ್ತರಿಸೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ಉದ್ಯಮಬಾಗದಾಗ ಒಂದು ಮಷಿನ್ ಶಾಪ್‌ನ್ಯಾಗ ಪ್ಲ್ಯಾನಿಂಗ್ ನೋಡ್ಕೋತೀನ್ರಿ. 2019ರಾಗ ಪಿಎಂಬಾಕ್ ಗೈಡ್, ಅಂದ್ರ ಪ್ರಾಜೆಕ್ಟ್ ಹೆಂಗ ನಡಸಬೇಕು ಅಂತ ಹೇಳೂ ಪುಸ್ತಕ, ಅದರ ಆರನೇ ಆವೃತ್ತಿ ಓದಿ, 49 ಪ್ರೊಸೆಸ್ (ಕೆಲಸದ ಹಂತ), 10 ನಾಲೆಜ್ ಏರಿಯಾ (ವಿಷಯ) ಎಲ್ಲಾ ಚಾರ್ಟ್ ಬರದು ಗ್ವಾಡಿಗೆ ಹಚ್ಚಿ, ರಾತ್ರಿ ಎರಡರ ತನಾ ಕುಂತು ಪಾಸಾದೆ. ಈಗ ಹೊಸಾ ಹುಡುಗ್ರು "ಸರ್, ಅದೆಲ್ಲಾ ಹಳೇದಾತು" ಅಂತಾರ. ಮತ್ತ ಮತ್ತ ಯಾಕ ಬದಲಾಯಿಸ್ತಾರ್ರೀ ಇವ್ರು? ನಮ್ಮ ಓದು ನೀರಾಗ ಹೋಮ ಮಾಡಿಧಂಗ ಆತೇನು? (ಬೆಳಗಾವಿ)

ಉತ್ತರ: ಇಲ್ರಿ, ನೀರಾಗ ಹೋಮ ಅಲ್ಲ. ಆದ್ರ ನಿಮ್ಮ ಸಂಕಟ ನನಗ ತಿಳಿತೈತಿ, ನಾನೂ ಮೂರನೇ ಆವೃತ್ತಿ ಓದಿದಾಂವ, ಅದು 2004ರದ್ದು. ಯಾಕ ಬದಲಾಗತೈತಿ ಅಂತ ತಿಳೀಬೇಕಂದ್ರ ಸ್ವಲ್ಪ ಹಿಂದ ಹೋಗಬೇಕು. 1957ರ ಸುಮಾರಿಗೆ ಅಮೆರಿಕದಾಗ ಡ್ಯುಪಾಂಟ್ ಕಂಪನಿಯವ್ರು ಕ್ರಿಟಿಕಲ್ ಪಾತ್ ಲೆಕ್ಕ ತಂದ್ರು, 1958ರಾಗ ಅಲ್ಲಿ ನೌಕಾಪಡೆ ಪೋಲಾರಿಸ್ ಕ್ಷಿಪಣಿ ಕೆಲಸಕ್ಕ ಪರ್ಟ್ ಅನ್ನೋ ಪದ್ಧತಿ ತಂತು. ಎರಡರಾಗೂ ಕೇಳೂ ಪ್ರಶ್ನೆ ಒಂದ: ಯಾವ ಕೆಲಸ ಆದ ಮ್ಯಾಲ ಯಾವ ಕೆಲಸ, ಎಷ್ಟ ದಿನ, ಎಲ್ಲಿ ತಡ ಆದ್ರ ಪೂರಾ ತಡ ಆಗತೈತಿ. ಆ ಚಿತ್ರದಾಗ ಬಾಣ ಅದಾವು, ಗುಂಡ ಅದಾವು, ಮನಶಾ ಇಲ್ಲ. ಕ್ಷಿಪಣಿ ಮಾಡಾಕ ಅದು ಸಾಕಾಗತಿತ್ತು, ಊರು ಕಟ್ಟಾಕ ಸಾಲೂದಿಲ್ಲ.

1969ರಾಗ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಅನ್ನೋ ಸಂಸ್ಥೆ ಅಮೆರಿಕದಾಗ ಶುರು ಆತು, ಈ ಗೈಡ್ ತರೋರು ಅವ್ರ. 1983ರಾಗ ಈ ಕಸುಬಿನ ನೀತಿ, ಸ್ಟ್ಯಾಂಡರ್ಡ್ ಬಗ್ಗೆ ಒಂದು ವರದಿ, 1987ರಾಗ ಒಂದು ದಾಖಲೆ, ಆಮ್ಯಾಲ 1996ರಾಗ ಈಗ ನಾವು ಕರೆಯೋ ಪಿಎಂಬಾಕ್ ಗೈಡಿನ ಮೊದಲನೇ ಆವೃತ್ತಿ. ಮೊದಲ ಆವೃತ್ತಿಯಾಗೂ ಸ್ಟೇಕ್‌ಹೋಲ್ಡರ್, ಅಂದ್ರ ಆ ಕೆಲಸಕ್ಕ ಸಂಬಂಧಪಟ್ಟವರು, ಅನ್ನೋ ಮಾತು ಇತ್ತು, ಆದ್ರ ಅದಕ್ಕಂತ ಬ್ಯಾರೆ ಖೋಲಿ ಇರಲಿಲ್ಲ, ಕಮ್ಯುನಿಕೇಶನ್ ಮನ್ಯಾಗ ಒಂದು ಮೂಲ್ಯಾಗ ಕುಂದರಿಸಿದ್ರು, ಅಂದ್ರ ರಿಪೋರ್ಟ್ ಯಾರಿಗೆ ಕಳಿಸಬೇಕು, ಮೀಟಿಂಗಿಗೆ ಯಾರನ್ನ ಕರೀಬೇಕು ಅನ್ನೋವಷ್ಟರ ಮಟ್ಟಿಗೆ. 2012ರಾಗ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್ಓ 21500 ಬಂತು ನೋಡ್ರಿ, ಅದರಾಗ ಹತ್ತು ವಿಷಯದಾಗ ಸ್ಟೇಕ್‌ಹೋಲ್ಡರ್‌ಗೆ ಬ್ಯಾರೆ ಜಾಗ ಕೊಟ್ರು. 2013ರಾಗ ಪಿಎಂಬಾಕ್ ಐದನೇ ಆವೃತ್ತಿ ಬಂದಾಗ ಅದರಾಗೂ ಅದು ಹತ್ತನೇ ನಾಲೆಜ್ ಏರಿಯಾ ಆತು. 2017ರಾಗ ನೀವು ಓದಿದ ಆರನೇ ಆವೃತ್ತಿಯಾಗ ಒಂದು ಸಣ್ಣ ಬದಲಾವಣೆ ಆತು, ಬಾಳ ಮಂದಿ ಗಮನಿಸಲಿಲ್ಲ: ಅದರ ತನಾ "ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್ ಪ್ಲ್ಯಾನ್" ಅಂತಿದ್ದಿದ್ದು "ಎಂಗೇಜ್‌ಮೆಂಟ್ ಪ್ಲ್ಯಾನ್" ಆತು. ಜನರನ್ನ ಸಂಭಾಳಸೂದು ಬ್ಯಾರೆ, ಜನರನ್ನ ಕೂಡಿಸ್ಕೊಳ್ಳೂದು ಬ್ಯಾರೆ. ಈ ಒಂದು ಶಬ್ದ ಬದಲಾಗಾಕ 20 ವರ್ಷದ ಮ್ಯಾಲ ಹಿಡೀತು, ಮತ್ತ ನನ್ನ ಲೆಕ್ಕದಾಗ ಪೂರಾ ಪುಸ್ತಕದಾಗ ಅದ ದೊಡ್ಡ ಬದಲಾವಣೆ.

2021ರ ಏಳನೇ ಆವೃತ್ತಿಯಾಗ ಆ 49 ಪ್ರೊಸೆಸಿನ ಕೋಷ್ಟಕ ಬಿಟ್ಟು 12 ತತ್ವ, 8 ಪರ್ಫಾರ್ಮನ್ಸ್ ಡೊಮೇನ್ (ಗಮನ ಇಡಬೇಕಾದ ಕ್ಷೇತ್ರ) ಅಂತ ಮಾಡಿದ್ರು, ಆ ಎಂಟರಾಗ ಮೊದಲನೇದ್ದ ಸ್ಟೇಕ್‌ಹೋಲ್ಡರ್. ಕಮ್ಯುನಿಕೇಶನ್ ಮನಿ ಮೂಲ್ಯಾಗ ಕುಂತಾಂವ ಪಡಸಾಲಿಗೆ ಬಂದ. ಆಮ್ಯಾಲ 2025ರ ಎಂಟನೇ ಆವೃತ್ತಿಯಾಗ ಪ್ರೊಸೆಸ್‌ಗಳು ಮತ್ತ ಒಳಗ ಬಂದಾವು. ಅಂದ್ರ ನೀವು ಗ್ವಾಡಿಗೆ ಹಚ್ಚಿದ ಚಾರ್ಟ್ ಹರೀಬ್ಯಾಡ್ರಿ. ಸಾಫ್ಟ್‌ವೇರ್ ಮಂದಿ 2001ರಾಗ ಅಜೈಲ್ ಮ್ಯಾನಿಫೆಸ್ಟೊ, ಅಂದ್ರ ಕೆಲಸವನ್ನ ಸಣ್ಣ ಸಣ್ಣ ತುಂಡು ಮಾಡಿ ನಡುನಡುವ ತಿದ್ದಕೋತ ಹೋಗೋಣು ಅನ್ನೋ ಘೋಷಣೆ, ಬರದ್ರಲ್ಲ, 17 ಮಂದಿ ಯೂಟಾದ ಒಂದು ಹಿಮದ ಗುಡ್ಡದಾಗ ಕೂಡಿ ಬರದಿದ್ದು, ಅವರ ಕೆಲಸ ಮಾಡೂ ರೀತಿ ಹಳೇ ಕೋಷ್ಟಕದಾಗ ಹಿಡಿಸಲಿಲ್ಲ, ಅವರೂ ಈ ಸ್ಟ್ಯಾಂಡರ್ಡ್ ಬಳಸೋರ, ಅವರ ಮಾತೂ ಒಳಗ ಬಂತು. ಪ್ರಾಜೆಕ್ಟ್ ನಡಸೂ ಇಂಗ್ಲೆಂಡಿನ ಪದ್ಧತಿ ಪ್ರಿನ್ಸ್2 ನೋಡ್ರಿ, 1989ರಾಗ ಅಲ್ಲಿ ಸರ್ಕಾರದ ಕಂಪ್ಯೂಟರ್ ಕೆಲಸಕ್ಕಂತ ಪ್ರಿನ್ಸ್ ಹೆಸರಿಲೆ ಹುಟ್ಟಿದ್ದು, 1996ರಾಗ ಎಲ್ಲಾ ಕೆಲಸಕ್ಕೂ ಹೊಂದೂ ಹಂಗ ಪ್ರಿನ್ಸ್2 ಆತು, 2023ರ ಆವೃತ್ತಿಯಾಗ "ಜನ" ಅನ್ನೋದನ್ನ ನಡುವ ತಂದು ಇಟ್ಟಾರ. ಎಲ್ಲಾ ದಾರಿನೂ ಒಂದ ಕಡೆ ಹೊಂಟಾವು.

ಇನ್ನ ನಿಮ್ಮ ಸರ್ಟಿಫಿಕೇಟ್ ಬಗ್ಗೆ: ಪಿಎಂಪಿ, ಅಂದ್ರ ಪ್ರಾಜೆಕ್ಟ್ ನಡಸೋರಿಗೆ ಪಿಎಂಐ ಕೊಡೂ ಸರ್ಟಿಫಿಕೇಟ್, ಇದ್ರ ಮೂರು ವರ್ಷಕ್ಕ 60 ಪಿಡಿಯು (ಕಲಿಕೆ ಮುಂದುವರಿಸಿದ್ದಕ್ಕ ಸಿಗೋ ಪಾಯಿಂಟ್) ತುಂಬಿದ್ರ ಸಾಕು, ಮತ್ತ ಪರೀಕ್ಷೆ ಕುಂದ್ರೂದು ಬ್ಯಾಡ. ಆ ಪಾಯಿಂಟ್ ತುಂಬೂದ್ರಾಗ ಹೊಸಾ ಆವೃತ್ತಿನೂ ಓದಿಧಂಗ ಆಗತೈತಿ.

ಪ್ರಶ್ನೆ: ಸ್ಟೇಕ್‌ಹೋಲ್ಡರ್ ಅಂದ್ರ ಶೇರ್‌ಹೋಲ್ಡರ್ ಇದ್ಧಂಗ ಏನ್ರಿ? ನಮ್ಮ ಟೆಂಡರ್ ಕಾಗದದ ಕನ್ನಡದಾಗ "ಪಾಲುದಾರರು" ಅಂತ ಬರದಾರ, ಇನ್ನೊಂದ್ರಾಗ "ಮಧ್ಯಸ್ಥಗಾರರು" ಅಂತೈತಿ. (ಸಣ್ಣ ಗುತ್ತಿಗೆದಾರ, ವಿಜಯಪುರ)

ಉತ್ತರ: ಎರಡೂ ದಾರಿ ತಪ್ಪಸ್ತಾವು. ಪಾಲುದಾರ ಅಂದ್ರ ಲಾಭದಾಗ ಪಾಲು ಇದ್ದಾಂವ, ಮಧ್ಯಸ್ಥ ಅಂದ್ರ ಇಬ್ಬರ ಜಗಳ ಬಿಡಿಸಾಂವ. ಸ್ಟೇಕ್‌ಹೋಲ್ಡರ್ ಅಂದ್ರ ಆ ಕೆಲಸದ ಬಿಸಿ ಯಾರಿಗೆ ತಟ್ಟತೈತಿ ಅವ್ರು, ಮತ್ತ ಆ ಕೆಲಸಕ್ಕ ಯಾರು ಬಿಸಿ ಮುಟ್ಟಿಸಬಲ್ರು ಅವ್ರೂ. ಪಿಎಂಐ ವ್ಯಾಖ್ಯೆಯಾಗ ಇನ್ನೊಂದು ಮಾತು ಐತಿ, ನನಗ ಬಾಳ ಸೇರಿದ್ದು: ತನಗ ತೊಂದರೆ ಆಗತೈತಿ ಅಂತ ಯಾರು ತಾವ ತಿಳ್ಕೊಂಡಾರ, ಅವ್ರೂ ಸ್ಟೇಕ್‌ಹೋಲ್ಡರ್. ಅಂದ್ರ "ನಿನಗೇನೂ ಆಗೂದಿಲ್ಲ, ನೀ ಸುಮ್ನ ಕೂಡು" ಅನ್ನೂ ಹಕ್ಕು ಎಂಜಿನಿಯರ್‌ಗೆ ಇಲ್ಲ, ಮೊದಲ ಆತನ ಮಾತು ಕೇಳಬೇಕು. ಈ ಮಾತನ್ನ 1984ರಾಗ ಎಡ್ವರ್ಡ್ ಫ್ರೀಮನ್ ಅನ್ನೋ ಅಮೆರಿಕದ ಪ್ರೊಫೆಸರ್ ವ್ಯಾಪಾರದ ಲೋಕದಾಗ ಗಟ್ಟಿ ಮಾಡಿದ್ರು, ಕಂಪನಿ ಬರೇ ಶೇರು ಇದ್ದೋರ ಸಲುವಾಗಿ ಅಲ್ಲ ಅಂತ. ಕನ್ನಡದಾಗ ನಾ "ಸಂಬಂಧಪಟ್ಟವರು" ಅಂತ ಬರೀತೀನಿ. ಮಾತಾಡೂವಾಗ "ಬಿಸಿ ತಟ್ಟೋರು" ಅಂದ್ರ ಸೈಟಿನ ಮೇಸ್ತ್ರಿಗೂ ತಿಳಿತೈತಿ.

ಪ್ರಶ್ನೆ: ನಾನು ಹೊಸದಾಗಿ ಸೈಟ್ ಎಂಜಿನಿಯರ್ ಆಗೇನಿ. ಓಣಿ ಮಂದಿನ್ನ ಒಮ್ಮೆ ಕೇಳೋಣು ಅಂದ್ರ ನಮ್ಮ ಸಾಹೇಬ್ರು "ಜನರನ್ನ ಕೇಳ್ಕೋತ ಕುಂತ್ರ ಕೆಲಸ ಮುಗಿಯೂದಿಲ್ಲೋ ತಮ್ಮಾ, ಬಿಲ್ ಮಾರ್ಚಿನಾಗ ಆಗಬೇಕು" ಅಂತಾರ. ಅವರ ಮಾತೂ ಖರೆ ಅನಸತೈತಿ. ಏನ್ ಮಾಡಲಿ? (ಬಾಗಲಕೋಟಿ)

ಉತ್ತರ: ತಮ್ಮಾ, ನಿಂಗೊಂದು ನಡದಿದ್ದು ಹೇಳ್ತೀನಿ. ಬಾಳ ವರ್ಷದ ಹಿಂದ ವಿಜಯಪುರದ ಒಂದು ಹಳೇ ಓಣ್ಯಾಗ ಕಾಂಕ್ರೀಟ್ ರೋಡಿನ ಕೆಲಸಕ್ಕ ನಾ ಇದ್ದೆ. ಹಳೇ ರೋಡ್ ಅಗಿಯದ ಮ್ಯಾಲ ಹಾಕಿದ್ವಿ, ಟೈಮ್ ಉಳಿತೈತಿ ಅಂತ. ಒಂಬತ್ತ್ ಇಂಚು ಎತ್ತರ ಆತು. ಫೈಲಿನ್ಯಾಗ ಎಲ್ಲಾ ಚೊಕ್ಕ ಇತ್ತು, ಸ್ಟೇಕ್‌ಹೋಲ್ಡರ್ ರಿಜಿಸ್ಟರ್ ಅಂತ ಒಂದು ಹಾಳಿನೂ ಇತ್ತು, ನಾನ ಟೈಪ್ ಮಾಡಿದ್ದು, 14 ಹೆಸರು. ನೀರಿನವ್ರು, ಕರೆಂಟಿನವ್ರು, ಟೆಲಿಫೋನಿನವ್ರು, ಮ್ಯಾಲಿನ ಆಫೀಸಿನವ್ರು, ಹದಿನಾಕೂ ಆಫೀಸ. ಓಣ್ಯಾಗಿನ ಒಂದ ಹೆಸರು ಇರಲಿಲ್ಲ. ಕೆಲಸ ಟೈಮಿಗೆ ಮುಗೀತು, ನಮಗ ಶಾಬ್ಬಾಸ್ ಅಂದ್ರು.

ಸೆಪ್ಟೆಂಬರ್‌ದಾಗ ಎರಡ ದಿನ ಜೋರ್ ಮಳಿ ಆತು. ಕಂಪ್ಲೇಂಟ್ ಬಂತು ಅಂತ ಹೋದ್ರ ಒಬ್ಬ ಆಯಿ ಮನಿ ಒಳಗ ಕರದ್ಲು. ಹೊಸ್ತಲ ರೋಡಿಗಿಂತ ಕೆಳಗ ಆಗಿಬಿಟ್ಟಿತ್ತು. ಗ್ವಾಡಿಗೆ ಇದ್ದಿಲಿಲೆ ಒಂದು ಗೆರಿ ಎಳದಿದ್ಲು, "ಇಲ್ಲಿತನಾ ಬಂದಿದ್ವು ನೀರು" ಅಂತ. ಮೂಲ್ಯಾಗ ಎರಡು ಜ್ವಾಳದ ಚೀಲ, ವರ್ಷದ ಕಾಳು, ಕೆಳಗಿನ ಅರ್ಧ ಚೀಲ ಕಪ್ಪಾಗಿತ್ತು. ಆಕಿ ಚೀಲದಾಗ ಕೈ ಹಾಕಿ ಒಂದು ಮುಟಗಿ ತಗದು ನನ್ನ ಅಂಗೈ ಮ್ಯಾಲ ಹಾಕಿದ್ಲು, ಕಾಳು ಬೆಚ್ಚಗಿದ್ವು, ಬೆಳ್ಳಗ ಮೊಳಕಿ ಒಡದಿದ್ವು. ಬೈಲಿಲ್ಲ. "ತಮ್ಮಾ, ಈ ಓಣ್ಯಾಗ ನೀರು ಯಾ ಕಡೆ ಹರಿತಾವು ಅಂತ ನನ್ನ ಒಂದ ಮಾತು ಕೇಳಿದ್ರ ಹೇಳ್ತಿದ್ದೆನಲ್ಲೋ" ಅಂದ್ಲು. ಲೆವೆಲ್ ಮಷಿನ್ ಹಿಡ್ಕೊಂಡು ಮೂರು ದಿನ ಓಡಾಡಿದ ನಮಗ ಗೊತ್ತಾಗಲಾರದ್ದು ಆಕಿಗೆ ಗೊತ್ತಿತ್ತು: ದೊಡ್ಡ ಮಳಿ ಆದಾಗ ಓಣಿ ಕೊನೀಗಿನ ಗಟಾರ ತುಂಬಿ ನೀರು ತಿರುಗಿ ಹಿಂದ ಬರತೈತಿ. ಆಮ್ಯಾಲ ಹೊಸಾ ಕಾಂಕ್ರೀಟ್ ಒಡದು ಮಗ್ಗಲಕ ಗಟಾರ ತಗಿಯಾಕ ಹತ್ತಿದ ದಿನ ಎಷ್ಟ ಗೊತ್ತೇನು, ಹಳೇ ರೋಡ್ ಅಗಿಯಾಕ ಹತ್ತೂ ದಿನದ ದುಪ್ಪಟ್ಟು. ಆ ಜ್ವಾಳಕ್ಕ ಯಾ ಬಿಲ್ಲಿನ್ಯಾಗೂ ಕಾಲಂ ಇರಲಿಲ್ಲ.

ಅದಕ್ಕ ನಿಮ್ಮ ಸಾಹೇಬ್ರಿಗೆ ಹಿಂಗ ಹೇಳು: ಕೇಳಾಕ ಎರಡ ಸಂಜಿ ಸಾಕ್ರಿ, ನಕಾಶೆ ಪಕ್ಕಾ ಆಗೂ ಮೊದಲ. ಮಂದಿ ಕೆಲಸಕ್ಕ ಹೋಗಿ ಬಂದ ಮ್ಯಾಲ, ಏಳರ ಸುಮಾರಿಗೆ, ಗುಡಿ ಕಟ್ಟಿ ಮ್ಯಾಲ ಇಲ್ಲಾ ಹಿಟ್ಟಿನ ಗಿರಣಿ ಮುಂದ, ಹೆಣ್ಣಮಕ್ಕಳು ಬರೂವಂಥಾ ಜಾಗದಾಗ. ಎಲ್ಲಾರ ಮಾತಿಗೂ ಹೂಂ ಅನಬೇಕಂತಿಲ್ಲ, ಅದು ಆಗೂದೂ ಇಲ್ಲ, ಆದ್ರ ಯಾರು ಏನ್ ಅಂದ್ರು, ನಾವು ಏನ್ ಮಾಡಿದ್ವಿ, ಮಾಡಲಿಲ್ಲಂದ್ರ ಯಾಕ ಮಾಡಲಿಲ್ಲ, ಇಷ್ಟನ್ನ ಬರದು ಅದ ಗಿರಣಿ ಗ್ವಾಡಿಗೆ ಹಚ್ಚಬೇಕು. ಕಡೀದ್ದನ್ನ ಬಾಳ ಮಂದಿ ಬಿಡ್ತಾರ. ಕೇಳಿ ಸುಮ್ನ ಆದ್ರ ಕೇಳದ ಇದ್ದದ್ದಕ್ಕಿಂತ ಹೆಚ್ಚ ಸಿಟ್ಟು ಬರತೈತಿ ಜನಕ್ಕ.

ನೀ ಬಾಗಲಕೋಟಿಯಾಂವ ಬ್ಯಾರೆ, ನಿನಗ ಇದು ಮನಿ ಮಾತ. 1964ರಾಗ ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದ್ರು, ಆಮ್ಯಾಲ ಹಿನ್ನೀರು ಬಂದು ಹಳೇ ಊರಿನ ಓಣಿಗಳು ಮುಳುಗಿ ನವನಗರಕ್ಕ ಮಂದಿ ಎದ್ದು ಬಂದ್ರು. ಮನಿ ಲೆಕ್ಕ ಹಾಕಬೋದು, ಹೊಲದ ಲೆಕ್ಕ ಹಾಕಬೋದು, ಆದ್ರ ಸಂತಿ ದಾರ್ಯಾಗ ಅಂಗಡಿ ಇಟ್ಟಾಂವನ ಗಿರಾಕಿ ಎಲ್ಲಿ ಹೋದ್ರು ಅನ್ನೂದನ್ನ ಹೆಂಗ ಲೆಕ್ಕ ಹಾಕೂದು? 1894ರ ಹಳೇ ಭೂಸ್ವಾಧೀನ ಕಾಯ್ದೆ ಪರಿಹಾರದಾಗ ಹಕ್ಕು ಹೇಳೋರನ್ನ ಅಷ್ಟ ನೋಡತಿತ್ತು. 2013ರ ಹೊಸಾ ಕಾಯ್ದೆ, 2014ರ ಜನವರಿ 1ರಿಂದ ಜಾರಿ ಆಗಿದ್ದು, "ಬಾಧಿತ ಕುಟುಂಬ" ಅನ್ನೋದ್ರಾಗ ಭೂಮಿ ಇಲ್ಲದ ಕೂಲಿಯವ್ರು, ಕೋರು ಮಾಡೋರು, ಬಾಡಿಗಿ ಇದ್ದೋರು, ಮೂರು ವರ್ಷದಿಂದ ಅಲ್ಲಿ ಕೆಲಸ ಮಾಡೋ ಕುಶಲಕರ್ಮಿಗಳನ್ನೂ ಸೇರಿಸ್ತು, ಸಾಮಾಜಿಕ ಪರಿಣಾಮದ ಅಧ್ಯಯನ ಮಾಡ್ರಿ, ಊರಾಗ ಅಹವಾಲು ಕೇಳ್ರಿ ಅಂತು, ಖಾಸಗಿ ಕಂಪನಿ ಸಲುವಾಗಿ ಅಂದ್ರ ಶೇ. 80, ಸರ್ಕಾರ ಖಾಸಗಿ ಕೂಡಿ ಮಾಡೂದಾದ್ರ ಶೇ. 70 ಕುಟುಂಬದ ಒಪ್ಪಿಗಿ ಬೇಕಂತು. ಕೆಲವು ಬಗೆ ಕೆಲಸಕ್ಕ ರಾಜ್ಯಗಳು ಆಮ್ಯಾಲ ವಿನಾಯಿತಿ ಮಾಡ್ಕೊಂಡಾವು, ಅದು ನನಗ ನೋವಿನ ಮಾತು. ಆದ್ರ ಕಾಯ್ದೆ ಒಳಗ ಆ ಕೂಲಿಯವನ ಹೆಸರು ಬರಾಕ 119 ವರ್ಷ ಹಿಡೀತು ಅನ್ನೂದು ನೆನಪಿರಲಿ. ಪಿಎಂಬಾಕ್‌ನಾಗ 2013, ಕಾಯ್ದೆಯಾಗೂ 2013. ಎರಡಕ್ಕೂ ಸಂಬಂಧ ಐತಿ ಅಂತ ನಾ ಹೇಳೂದಿಲ್ಲ, ಆದ್ರ ಆ ಹೊತ್ತಿಗೆ ಜಗತ್ತಿನಾಗ ಕೇಳದ ಮಾಡಿದ ಕೆಲಸದ ಪೆಟ್ಟು ಸಾಕಷ್ಟು ಮಂದಿಗೆ ಬಿದ್ದಿತ್ತು.

ಪ್ರಶ್ನೆ: ವಿಟಿಯು ಕಡೇ ವರ್ಷದಾಗ ಓದಾಕತ್ತೇನಿ. ಸ್ಟ್ಯಾಂಡರ್ಡ್ ಅಂದ್ರ ಎಲ್ಲೋ ದಿಲ್ಲಿ, ಜಿನೀವಾದಾಗ ದೊಡ್ಡೋರು ಕುಂತು ಮಾಡೂದಲ್ರಿ? ನಮ್ಮಂಥಾ ಸಾಮಾನ್ಯ ಮಂದಿ ಒಂದು ಸಾಲು ಬದಲಾಯಿಸಾಕ ಆಗತೈತೇನು? (ಬೆಳಗಾವಿ)

ಉತ್ತರ: ಆಗತೈತವ್ವಾ, ಮತ್ತ ಇದನ್ನ ಕಾಲೇಜಿನ್ಯಾಗ ಹೇಳ್ಕೊಡಬೇಕು ಅಂತ ನನ್ನ ಆಶೆ. ಐಎಸ್ಓ ಒಳಗ ನಮ್ಮ ದೇಶದ ಪರವಾಗಿ ಕುಂದ್ರೋದು ಬಿಐಎಸ್, ಅದ, ಐಎಸ್ಐ ಮಾರ್ಕ್ ಕೊಡೂ ಸಂಸ್ಥೆ. ಒಂದು ಸ್ಟ್ಯಾಂಡರ್ಡ್ ಬೇಕು ಅಂತ ಮೊದಲ ಪ್ರಸ್ತಾವ, ಆಮ್ಯಾಲ ಕೆಲಸದ ಕರಡು, ಕಮಿಟಿ ಕರಡು, ಆಮ್ಯಾಲ ಡಿಐಎಸ್ ಅಂತ ಹೊರಗ ಬಿಡೂ ಕರಡು. ಆ ಹಂತದಾಗ ದೇಶಗಳು 12 ವಾರದಾಗ ವೋಟ್ ಹಾಕಬೇಕು, ಆ ಕಮಿಟಿಯಾಗ ಪೂರಾ ಭಾಗ ವಹಿಸೂ ದೇಶಗಳ ವೋಟಿನಾಗ ಮೂರನೇ ಎರಡು ಪಾಲು ಹೂಂ ಅನಬೇಕು, ಬಿದ್ದ ಎಲ್ಲಾ ವೋಟಿನಾಗ ಕಾಲು ಭಾಗಕ್ಕಿಂತ ಹೆಚ್ಚ ಊಂಹೂಂ ಇರಬಾರದು. ಬಂದ ಪ್ರತಿ ಕಮೆಂಟಿಗೂ ಕಮಿಟಿ ಉತ್ತರ ಬರೀಬೇಕು. ಹೊರಗ ಬಂದ ಮ್ಯಾಲೂ ಐದು ವರ್ಷದೊಳಗ ಮತ್ತ ತಗದು ನೋಡಬೇಕು, ಇಡೂದೋ ತಿದ್ದೂದೋ ತಗಿಯೂದೋ ಅಂತ. ಹಂಗ ನೋಡಿದ್ದಕ್ಕ ಅಲ್ಲೇನು ಐಎಸ್ಓ 21500 ಒಡದು, 2020ರಾಗ 21502 ಬಂದು ಪ್ರಾಜೆಕ್ಟ್ ನಡಸೂ ವಿಚಾರ ಅದಕ್ಕ ಹೋಗಿ, 2021ರಾಗ 21500 ಬರೇ ಮೂಲ ವಿಚಾರ ಹೇಳೂ ಪುಸ್ತಕ ಆಗಿದ್ದು. ಅಮೆರಿಕದಾಗ ಪಿಎಂಐನವ್ರೂ ಹಂಗ, ಕರಡನ್ನ ಎಲ್ಲಾರ ಮುಂದ ಇಟ್ಟು ಅಭಿಪ್ರಾಯ ಕೇಳ್ತಾರ.

ಬಿಐಎಸ್ ಕರಡುಗಳು ಅವರ ಪೋರ್ಟಲಿನಾಗ ಬರ್ತಾವು, ಕಡೇ ತಾರೀಖು ಮ್ಯಾಲನ ಬರದಿರತೈತಿ, ಯಾರ ಬೇಕಾದ್ರೂ ಅಭಿಪ್ರಾಯ ಕಳಸಬೋದು. ಕಟ್ಟಡ ಕೆಲಸದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿಗೆ ನಮ್ಮದ ಐಎಸ್ 15883 ಐತಿ, ಮೊದಲ ಭಾಗ 2009ರದ್ದು, ಅದನ್ನ ಒಮ್ಮೆ ಓದು, ಸಿವಿಲ್ ಆದ್ರಂತೂ ಓದಲೇಬೇಕು. ಆದ್ರ ಕಮೆಂಟ್ ಬರಿಯೂ ರೀತಿ ಐತಿ. "ಈ ಭಾಗ ಸರಿ ಇಲ್ಲ" ಅಂತ ಬರದ್ರ ಯಾರೂ ಏನೂ ಮಾಡಾಕ ಬರೂದಿಲ್ಲ. ಯಾ ಕ್ಲಾಜ್, ಯಾ ಸಾಲು, ಈಗ ಏನೈತಿ, ಏನಿರಬೇಕು, ಯಾಕ. ಉದಾಹರಣೆಗೆ ಕರಡಿನಾಗ "ಸಂಬಂಧಪಟ್ಟವರಿಗೆ ತಿಳಿಸಬೇಕು" ಅಂತಿದ್ರ, ನೀ ಬರೀ: "ತಿಳಿಸಬೇಕು ಅನ್ನೋದರ ಬದಲಿ, ವಿನ್ಯಾಸ ಅಂತಿಮ ಆಗೂ ಮೊದಲ ಅವರ ಅಭಿಪ್ರಾಯ ಪಡೆದು ದಾಖಲಿಸಬೇಕು ಅಂತ ಇರಲಿ, ಯಾಕಂದ್ರ ವಿನ್ಯಾಸ ಆದ ಮ್ಯಾಲ ತಿಳಿಸಿದ್ರ ಬದಲಾವಣೆ ಮಾಡಾಕ ಖರ್ಚು ಹೆಚ್ಚು". ಇಷ್ಟ ಸಾಕು. ನಿಮ್ಮ ವರ್ಗದ ನಾಕು ಮಂದಿ ಕೂಡಿ ಈ ಸೆಮಿಸ್ಟರ್‌ನ್ಯಾಗ ಒಂದು ಕಮೆಂಟ್ ಕಳಿಸ್ರಿ, ಕಳಿಸಿದ್ದನ್ನ ನನಗೂ ಕಳಿಸ್ರಿ.

ಪ್ರಶ್ನೆ: ಡಿಗ್ರಿ ಮುಗಿದ ಕೂಡ್ಲೆ ಪಿಎಂಪಿ ಮಾಡಬೋದೇನ್ರಿ? (ಜಮಖಂಡಿ)

ಉತ್ತರ: ಇಲ್ಲ. ನಾಕು ವರ್ಷದ ಡಿಗ್ರಿ ಇದ್ದೋರಿಗೂ 36 ತಿಂಗಳು ಪ್ರಾಜೆಕ್ಟ್ ನಡಸಿದ ಅನುಭವ, 35 ತಾಸಿನ ತರಬೇತಿ ಬೇಕು. ಈಗ ಬೇಕಂದ್ರ ಸಿಎಪಿಎಂ ನೋಡ್ರಿ, ಅದು ಪಿಎಂಐನವ್ರು ಹೊಸಬರಿಗೆ ಕೊಡೂ ಸರ್ಟಿಫಿಕೇಟ್, ಅದಕ್ಕ 23 ತಾಸಿನ ಪಾಠ ಸಾಕು, ಅನುಭವ ಕೇಳೂದಿಲ್ಲ. ರೊಕ್ಕ ಕಟ್ಟೂ ಮೊದಲ ಯಾವ ಆವೃತ್ತಿ ಮ್ಯಾಲ ಪಾಠ ಹೇಳ್ತಾರ ಅಂತ ಕ್ಲಾಸಿನವರಿಗೆ ಕೇಳ್ರಿ, ಹಳೇ ನೋಟ್ಸ್ ಮಾರೋರು ಬಾಳ ಮಂದಿ ಅದಾರ.

ಪ್ರಶ್ನೆ: ನಾವು ಹನ್ನೊಂದು ಮಂದಿ ಹೆಣ್ಣಮಕ್ಕಳು ಸ್ವಸಹಾಯ ಸಂಘದವ್ರು. ಮಗ್ಗ ಹಾಕಾಕ, ನೂಲಿಗೆ ಬಣ್ಣ ಹಾಕಾಕ ಒಂದು ಶೆಡ್ ಕಟ್ಟಬೇಕಂತೀವಿ. ನೀವು ಬರಿಯೂದು ದೊಡ್ಡ ಕಂಪನಿ ಮಾತು, ನಮಗ ಇದರಾಗ ಏನಾರ ಐತೇನ್ರಿ ಅಣ್ಣಾ? (ಇಳಕಲ್)

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ಬಾಳ ಖುಷಿ ಆತು, ಇದು ನಿಮಗ ಬರೋಬ್ಬರಿ ಹೊಂದತೈತಿ. ನೋಟ್‌ಬುಕ್ಕಿನ ಒಂದು ಹಾಳಿ ತಗೊಂಡು ನಡುವ ಒಂದು ಅಡ್ಡ ಗೆರಿ, ಒಂದು ಉದ್ದ ಗೆರಿ ಎಳೀರಿ, ನಾಕು ಖಾನಿ ಆಗ್ತಾವು. ಯಾರಿಗೆ ಕೆಲಸ ನಿಲ್ಲಸೂ ಶಕ್ತಿ ಐತಿ, ಯಾರಿಗೆ ಈ ಶೆಡ್ಡಿನ ಮ್ಯಾಲ ಆಸಕ್ತಿ ಐತಿ, ಅದರ ಪ್ರಕಾರ ಹೆಸರು ಬರೀರಿ. 1991ರಿಂದ ಮೆಂಡೆಲೋ ಅನ್ನೋರ ಹೆಸರಿಲೆ ಈ ಚೌಕ ಕ್ಲಾಸಿನಾಗ ಕಲಸ್ತಾರ. ಶಕ್ತಿ, ಆಸಕ್ತಿ ಎರಡೂ ಇದ್ದೋರು, ಅಂದ್ರ ಜಾಗ ಕೊಟ್ಟೋರು, ಸಾಲ ಕೊಟ್ಟ ಬ್ಯಾಂಕು, ಅವರ ಜೋಡಿ ವಾರಕ್ಕೊಮ್ಮೆ ಮಾತಾಡ್ರಿ. ಶಕ್ತಿ ಇದ್ದು ಆಸಕ್ತಿ ಇಲ್ಲದೋರಿಗೆ ಬ್ಯಾಸರ ಆಗದಷ್ಟು ಸುದ್ದಿ ಮುಟ್ಟಸ್ರಿ.

ಆದ್ರ ನಾ ಈ ಚೌಕವನ್ನ ಪೂರಾ ನಂಬೂದಿಲ್ಲ ಅಕ್ಕಾ. ಅದರಾಗ ಶಕ್ತಿ ಇಲ್ಲದೋರು ಕೆಳಗಿನ ಖಾನ್ಯಾಗ ಬೀಳ್ತಾರ, ಪುಸ್ತಕದಾಗ ಅಂಥೋರಿಗೆ "ಸುದ್ದಿ ತಿಳಿಸಿದ್ರ ಸಾಕು" ಅಂತಿರತೈತಿ. ನಾ ಹೇಳಿದ ಆಯಿ ಆ ಖಾನ್ಯಾಗ ಬೀಳತಿದ್ಲು. ಅದಕ್ಕ ನೀವು ಇನ್ನೊಂದು ಹಾಳಿ ಬರೀರಿ, ಅದರಾಗ ಹೆಸರು ಬ್ಯಾಡ, ಶೆಡ್ಡಿನಿಂದ ಹೊರಗ ಏನೇನ್ ಹೋಗತೈತಿ ಅಂತ ಬರೀರಿ: ಮಗ್ಗದ ಸಪ್ಪಳ, ಒಲಿ ಹೊಗಿ, ಬಣ್ಣದ ನೀರು. ಒಂದೊಂದರ ಬೆನ್ನ ಹತ್ತಿ ನಡೀರಿ. ಸಪ್ಪಳ ಯಾರ ಮನಿ ಗ್ವಾಡಿ ದಾಟತೈತಿ, ಅಲ್ಲಿ ರಾತ್ರಿ ಪಾಳಿ ಮಾಡಿ ಹಗಲಿ ಮಲಗೋರು ಅದಾರೇನು, ಬಾಣಂತಿ ಅದಾಳೇನು. ಬಣ್ಣದ ನೀರು ಯಾ ಗಟಾರಕ್ಕ ಬಿದ್ದು ಎಲ್ಲಿ ಹೋಗತೈತಿ, ಯಾರ ಎಮ್ಮಿ ಆ ನೀರು ಕುಡೀತಾವು, ಯಾರ ಬಾವಿ ಮಗ್ಗಲಕ ಐತಿ. ಅಲ್ಲಿ ಸಿಗೋ ಹೆಸರುಗಳನ್ನ ಮೊದಲನೇ ಹಾಳಿಗೆ ತಂದು, ಮ್ಯಾಲಿನ ಖಾನ್ಯಾಗ ಬರೀರಿ, ಬುನಾದಿ ತಗಿಯೂ ಮೊದಲ ಅವರ ಮನಿಗೆ ನೀವ ಹೋಗಿ ಕುಂತು ಮಾತಾಡ್ರಿ. ಆ ಬಾವಿಯವ್ರು ಏನಂದ್ರು, ಬಣ್ಣದ ನೀರಿಗೆ ಏನ್ ದಾರಿ ಮಾಡಿದ್ರಿ ಅಂತ ನನಗ ಬರೀರಿ ಅಕ್ಕಾ, ಈ ಪುಟದಾಗ ಹಾಕತೀನಿ.